ಧರ್ಮಕ್ಕೆ ಒಂದೇ ಪದ

"ನಿಮ್ಮ ಶಾಸ್ತ್ರದಲ್ಲಿರುವ ಯಾವ ಪದವನ್ನಾದರೂ ತನ್ನಿ, ಇಂಗ್ಲಿಷಿನಲ್ಲಿ ಅದಕ್ಕೊಂದು ಪದ ಇದ್ದೇ ಇರುತ್ತದೆ. ಎರಡನೆಯದು ಬೇಕಾಗುವುದಿಲ್ಲ," ಎಂದು ಪಿಮ್ ಸಾಹೇಬ ಸಿರಿವಾಳದ ದರ್ಬಾರಿನಲ್ಲಿ ಎದೆಯುಬ್ಬಿಸಿ ಹೇಳಿದ.

ಬ್ರಿಟಿಷ್ ಸರ್ಕಾರದ ಪರವಾಗಿ ಆ ಪುಟ್ಟ ಸಂಸ್ಥಾನದ ಮೇಲೆ ಕಣ್ಣಿಡಲು ಬಂದಿದ್ದ ರೆಸಿಡೆಂಟ್ ಅವನು. ಅವನು ಕೆಮ್ಮಿದರೆ ರಾಜರು ತಲೆಯಾಡಿಸುತ್ತಿದ್ದರು. ಕನ್ನಡವನ್ನು ಚೆನ್ನಾಗಿಯೇ ಕಲಿತಿದ್ದ. ಕಲಿತು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹಿಂದೂ ತತ್ವಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ನಿಘಂಟು ಬರೆಯಲು ಕೂತುಬಿಟ್ಟ.

ಸಹಾಯಕ್ಕೆ ಸಿಕ್ಕಿಬಿದ್ದವರು ಅರಮನೆಯ ಸಂಸ್ಕೃತ ಪಾಠಶಾಲೆಯ ಅಹೋಬಲ ಶಾಸ್ತ್ರಿಗಳು. ಧರ್ಮ ಎಂಬ ಪದಕ್ಕೆ ಅವರು ಒಂದು ಕಂತೆ ಹಾಳೆ ತುಂಬ ಅರ್ಥ ಬರೆದು ತಂದರು. ಸಾಹೇಬ ಕತ್ತರಿ ತೆಗೆದುಕೊಂಡು ಕಚಕಚನೆ ಕತ್ತರಿಸಿ, ಬೆರಳಗಲದ ಚೂರೊಂದನ್ನು ಉಳಿಸಿದ.

"ಆತ್ಮ ಅಂದರೆ ಸೋಲ್. ಮಾಯೆ ಅಂದರೆ ಇಲ್ಯೂಷನ್, ಕಣ್ಕಟ್ಟು. ಕರ್ಮ ಅಂದರೆ ಫೇಟ್, ಹಣೆಬರಹ. ಧರ್ಮ ಅಂದರೆ ಲಾ, ಕಾನೂನು. ಮುಗಿಯಿತು."

"ಕಾನೂನು ಹೇಗಾಗುತ್ತದೆ, ಸಾಹೇಬರೇ?" ಎಂದರು ಶಾಸ್ತ್ರಿಗಳು. "ಸುಡುವುದು ಬೆಂಕಿಯ ಧರ್ಮ. ಅತ್ತ ಮಗುವನ್ನು ಎತ್ತಿಕೊಳ್ಳುವುದು ತಾಯಿಯ ಧರ್ಮ. ಅದಕ್ಕೆಲ್ಲ ಯಾವ ಸರ್ಕಾರ ಕಾನೂನು ಮಾಡಿತ್ತು?"

ಸಾಹೇಬನ ಮುಖ ಕೆಂಪಾಯಿತು. "ನಾಳೆ ಮಧ್ಯಾಹ್ನ ಬರುತ್ತೇನೆ. ಈ ಅರ್ಥವೇ ಸರಿ ಅಂತ ನೀವು ರುಜು ಹಾಕಬೇಕು. ಹಾಕದಿದ್ದರೆ ಒಂದು ಪದದ ಅರ್ಥ ಗೊತ್ತಿಲ್ಲದವರಿಗೆ ಪಾಠಶಾಲೆ ಯಾಕೆ? ಬೀಗ ಹಾಕಿಸುತ್ತೇನೆ."

ಶಾಸ್ತ್ರಿಗಳು ರಾಜರ ಮುಖ ನೋಡಿದರು. ರಾಜರು ಲಿಂಗೋಜಿಯ ಮುಖ ನೋಡಿದರು. ಅರಮನೆಗೆ ಬಂದವರ ಊಟ ಉಪಚಾರ ನೋಡಿಕೊಳ್ಳುವವನು ಈ ಲಿಂಗೋಜಿ. ರಾಜರಿಗೆ ಧೈರ್ಯ ಸಾಲದಿದ್ದಾಗ ಅದನ್ನು ಒದಗಿಸುವ ಕೆಲಸವೂ ಅವನದೇ.

ಲಿಂಗೋಜಿ ಕೈಮುಗಿದ. "ಸಾಹೇಬರು ಹೇಳಿದ್ದೇ ಸರಿ, ಮಹಾಸ್ವಾಮಿ. ಧರ್ಮ ಅಂದರೆ ಕಾನೂನು. ನಾಳೆಯಿಂದ ಅರಮನೆಯಲ್ಲೂ ಹಾಗೇ ನಡೆಸುತ್ತೇನೆ."

ಸಾಹೇಬ ಹಿಗ್ಗಿಹೋದ. ಶಾಸ್ತ್ರಿಗಳು ಮಾತ್ರ, "ನೀನೂ ಹೀಗಂದೆಯಲ್ಲಪ್ಪಾ," ಎಂದು ಹೇಳಿ ಮನೆಗೆ ಹೋದರು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಮರುದಿನ ನೆತ್ತಿ ಸುಡುವ ಬಿಸಿಲಿನಲ್ಲಿ ಸಾಹೇಬ ಕುದುರೆಯೇರಿ ಬಂದ. ಸಿರಿವಾಳದಲ್ಲಿ ಬಿಸಿಲಿನಿಂದ ಬಂದವರಿಗೆ, ಅವರು ಜಗಳಕ್ಕೇ ಬಂದಿದ್ದರೂ, ಮೊದಲು ನೀರು ಬೆಲ್ಲ ಕೊಟ್ಟು ಆಮೇಲೆ ಮಾತು. ಅವತ್ತು ಕುದುರೆ ಹಿಡಿಯಲೂ ಯಾರೂ ಬರಲಿಲ್ಲ. ಅಂಗಳದ ನಟ್ಟನಡುವೆ, ಬಿಸಿಲಿನಲ್ಲಿ, ಒಂದು ಕುರ್ಚಿ ಇತ್ತು. ಜಗಲಿಯ ನೆರಳಿನಲ್ಲಿ ರಾಜರು, ಶಾಸ್ತ್ರಿಗಳು, ಲಿಂಗೋಜಿ. ಪಕ್ಕದಲ್ಲೇ ತಣ್ಣೀರಿನ ಕೊಡ, ತಟ್ಟೆಯಲ್ಲಿ ಬೆಲ್ಲ.

ರಾಜರು ಎದ್ದು ನಿಂತರು. ಮತ್ತೆ ಕೂತರು.

"ಇದೇನಿದು?" ಎಂದ ಸಾಹೇಬ.

"ಕಾನೂನು, ಸಾಹೇಬರೇ," ಎಂದ ಲಿಂಗೋಜಿ. "ರೆಸಿಡೆಂಟ್ ಬಂದರೆ ರಾಜರು ಎದ್ದು ನಿಲ್ಲಬೇಕು, ಕುರ್ಚಿ ಕೊಡಬೇಕು ಅಂತ ನಮ್ಮ ನಿಮ್ಮ ಒಪ್ಪಂದದಲ್ಲಿದೆ. ಎರಡೂ ಆಯಿತು. ನೆರಳಿನ ವಿಷಯ ಅದರಲ್ಲಿಲ್ಲ."

ಕುರ್ಚಿ ಬಿಟ್ಟು ನೆರಳಿಗೆ ಓಡಿದರೆ ರೆಸಿಡೆಂಟನ ಘನತೆಗೆ ಕುಂದು. ಸಾಹೇಬ ಕೂತ. ಸ್ವಲ್ಪ ಹೊತ್ತಿಗೆಲ್ಲ ಟೋಪಿಯ ಕೆಳಗಿನಿಂದ ಬೆವರು ಇಳಿಯತೊಡಗಿತು. ಕಣ್ಣು ಮಾತ್ರ ಕೊಡದ ಮೇಲೇ ಇತ್ತು.

"ನೀರು," ಎಂದ ಕೊನೆಗೆ.

"ಯಾವ ಕಾನೂನಿನ ಪ್ರಕಾರ, ಸಾಹೇಬರೇ?"

"ಬಾಯಾರಿದವನಿಗೆ ನೀರು ಕೊಡಲು ಕಾನೂನು ಬೇಕೇನಯ್ಯಾ?"

ಲಿಂಗೋಜಿ ಉತ್ತರಿಸುವ ಮೊದಲೇ ಶಾಸ್ತ್ರಿಗಳು ಎದ್ದರು. ಪಾಠಶಾಲೆಗೆ ಬೀಗ ಹಾಕಲು ಬಂದವನ ಮುಂದೆ ಹೋಗಿ ಬೆಲ್ಲದ ತುಂಡನ್ನೂ ನೀರಿನ ಚೊಂಬನ್ನೂ ಕೈಗಿತ್ತರು.

"ಶಾಸ್ತ್ರಿಗಳೇ, ಕಾನೂನು..." ಎಂದ ಲಿಂಗೋಜಿ.

"ಸುಮ್ಮನಿರಯ್ಯ. ಬಾಯಾರಿದವರು ಎದುರಿಗೆ ಕೂತಿದ್ದಾರೆ."

ಸಾಹೇಬ ಗಟಗಟ ಕುಡಿದ. ಅವನು ಉಸಿರೆಳೆದುಕೊಳ್ಳುವವರೆಗೂ ಕಾದು ಲಿಂಗೋಜಿ ಕೇಳಿದ: "ಈಗ ಶಾಸ್ತ್ರಿಗಳು ಮಾಡಿದ್ದು ಕಾನೂನಂತೂ ಅಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಕೊಡಿ. ಎರಡನೆಯದು ಬೇಡ."

"ಕೈಂಡ್‌ನೆಸ್. ದಯೆ."

"ದಯೆ ಎಲ್ಲಿಂದ ಬಂತು?" ಎಂದರು ಶಾಸ್ತ್ರಿಗಳು. "ನಿಮ್ಮ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ."

"ಹಾಗಾದರೆ ಡ್ಯೂಟಿ."

"ನನ್ನ ಕೆಲಸ ಪಾಠ ಹೇಳುವುದು. ನೀರು ಕೊಡುವುದಕ್ಕೆ ಬೇರೆ ಆಳುಗಳಿದ್ದಾರೆ."

"ರಿಲಿಜನ್. ನಿಮ್ಮ ಮತದ ಆಚಾರ."

ಶಾಸ್ತ್ರಿಗಳು ಉಟ್ಟ ಮಡಿ ಪಂಚೆ ನೋಡಿಕೊಂಡರು. "ಆಚಾರದ ಪ್ರಕಾರ ಮಡಿಯಲ್ಲಿ ನಿಮ್ಮ ಹತ್ತಿರವೂ ಬರಬಾರದಿತ್ತು. ಈಗ ಮನೆಗೆ ಹೋಗಿ ಇನ್ನೊಂದು ಸ್ನಾನ ಮಾಡಬೇಕು."

ಸಾಹೇಬ ಬಾಯಿ ತೆರೆದ. ಪದ ಬರಲಿಲ್ಲ. ಚೊಂಬಿನ ತಳ ನೋಡಿದ, ಅಲ್ಲೂ ಇರಲಿಲ್ಲ.

"ಕಾನೂನಲ್ಲ, ದಯೆಯಲ್ಲ, ಕೆಲಸವಲ್ಲ, ಆಚಾರವೂ ಅಲ್ಲ," ಎಂದ ಲಿಂಗೋಜಿ. "ಆದರೂ ನೀರು ನಿಮ್ಮ ಗಂಟಲಿಗೆ ಇಳಿಯಿತಲ್ಲ, ಸಾಹೇಬರೇ. ಇಳಿಸಿದ್ದು ಯಾವುದೋ ಅದಕ್ಕೆ ಒಂದು ಪದ ಸಿಗುವವರೆಗೂ ನಮ್ಮದನ್ನೇ ಇಟ್ಟುಕೊಳ್ಳಿ."

ಪಿಮ್ ಸಾಹೇಬ ಹಟಮಾರಿ ನಿಜ, ಆದರೆ ಕೃತಘ್ನನಲ್ಲ. ಕಿಸೆಯಿಂದ ನಿನ್ನೆಯ ಚೂರನ್ನೂ ಪೆನ್ಸಿಲನ್ನೂ ತೆಗೆದು ಕಾನೂನು ಎಂಬುದನ್ನು ಹೊಡೆದುಹಾಕಿ, ಧರ್ಮ ಎಂಬುದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ. ಕತ್ತರಿಸಿದ ಹಾಳೆಗಳನ್ನು ಮತ್ತೆ ಬರೆದುಕೊಡುವಿರಾ ಎಂದು ಶಾಸ್ತ್ರಿಗಳನ್ನು ಕೇಳಿದ. ಪಾಠಶಾಲೆಯಲ್ಲೇ ಕೂತು ಬರೆಯುತ್ತೇನೆ, ಬಾಗಿಲು ತೆರೆದಿದ್ದರೆ, ಎಂದರು ಅವರು. ತೆರೆದೇ ಇರುತ್ತದೆ ಎಂದ ಸಾಹೇಬ.

ಕುರ್ಚಿ ನೆರಳಿಗೆ ಬಂತು. ಬೀಸಣಿಗೆಯವನೂ ಬಂದ. ಮೈ ತಣಿದ ಮೇಲೆ ಸಾಹೇಬನಿಗೆ ಅನುಮಾನ ಹುಟ್ಟಿತು. "ಲಿಂಗೋಜಿ, ಹಾಗಾದರೆ ಕರ್ಮ ಅಂದರೆ ಫೇಟ್ ಅಂತ ಬರೆದೆನಲ್ಲ, ಅದೂ ತಪ್ಪೇ?"

"ಅದನ್ನು ನನ್ನ ಕೇಳುತ್ತೀರಾ, ಸಾಹೇಬರೇ? ನಿನ್ನೆ ಕಾನೂನು ಮಾಡಿದವರೂ ನೀವೇ, ಇವತ್ತು ಅದರಿಂದಲೇ ಬಿಸಿಲಿನಲ್ಲಿ ಕೂತವರೂ ನೀವೇ. ಹಣೆಬರಹ ಅಂತ ಬರೆದರೆ ಪಾಪ, ಹಣೆ ಏನು ಮಾಡಿತ್ತು?"

ರೆಸಿಡೆಂಟನ ಎದುರಿಗೆ ರಾಜರು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ನಗುತ್ತಲೇ ಹೆಗಲ ಮೇಲಿನ ಶಾಲು ತೆಗೆದು ಲಿಂಗೋಜಿಗೆ ಹೊದಿಸಿದರು. ಆ ಸೆಖೆಯಲ್ಲಿ ಅವನು ಅದನ್ನು ಹೊದ್ದೇ ನಿಂತಿರಬೇಕಾಯಿತು.