ಜವರನ ಡೀಸೆಲ್ಲು, ಮಾಮನ ಟರ್ಬೊ

ಬನ್ರಪ್ಪಾ, ಹತ್ತಿರ ಕೂತ್ಕೊಳ್ಳಿ. ನಗೋರು ಆಮೇಲೆ ನಗಿ, ಮೊದಲು ಕೇಳಿ.

ಚೆನ್ನಾಜಮ್ಮನಿಗೆ ಒಬ್ಬನೇ ಮಗ, ಜವರ. ಆನೆಯಂಥ ಆಳು. ಬುದ್ಧಿ ಮಾತ್ರ ಹೇಳಿದ್ದಷ್ಟೇ. ಅಂದ ಮಾತಿಗಿಂತ ಒಂದು ಕೂದಲಷ್ಟು ಆಚೆ ಇಲ್ಲ, ಈಚೆ ಇಲ್ಲ. ತೀರಿಕೊಂಡ ಅಪ್ಪನ ಹಳೇ ಡೀಸೆಲ್ ಪಿಕಪ್ಪು ಮನೆ ಮುಂದಿತ್ತು. ಊರವರ ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹೊಡೆದರೆ ಹೊಟ್ಟೆಗೆ ಅನ್ನ. ಹೊತ್ತಾದರೆ ಗೂಡು ಚೀಲದೊಳಗೇ ಕಾವೆದ್ದು ಹಾಳು. "ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನ ನಂಬಿ ಯಾರಪ್ಪಾ ಗೂಡು ಕೊಡ್ತಾರೆ?" ಅಂತ ಅವಳಿಗೆ ಅದೊಂದೇ ಕೊರಗು.

"ಮಗಾ, ಡೀಸೆಲ್ಲಿಗೆ ಮೊದಲು ಒಳಗೆ ಬಿಸಿ ಹತ್ತಬೇಕು. ಕೀ ತಿರುಗ್ಸು, ಹಳದಿ ದೀಪ ಆರೋವರ್ಗೂ ತಾಳ್ಕೋ, ಆಮೇಲೆ ಸ್ಟಾರ್ಟ್ ಮಾಡು!"

"ಹೂಂ ಅವ್ವ!"

ಅಷ್ಟರಲ್ಲಿ ಅವಳ ತಮ್ಮ ನಿಂಗಣ್ಣ ಹೊಸ ಪಿಕಪ್ಪು ತಂದ. ಪೆಟ್ರೋಲು, ಅದರಲ್ಲೂ ಟರ್ಬೊ! "ಡೀಸೆಲ್ ಕಾಲ ಮುಗೀತು ಅಕ್ಕಾ. ಇದು ಎಂಥ ಚಳೀಲೂ ಒಂದೇ ಏಟಿಗೆ ಏಳ್ತದೆ!"

"ಹೋಗ್ಲೋ! ನಮ್ಮ ಡೀಸೆಲ್ಲು ಹತ್ತು ವರ್ಷ ಕೈಕೊಟ್ಟಿಲ್ಲ. ನಿಂದು ನಾಕು ಮಳೆಗಾಲ ಕಳೀಲಿ, ಆಮೇಲೆ ಮಾತಾಡು!"

ಮಾಮ ಅಳಿಯನ ಕೈಗೆ ಕೀ ಕೊಟ್ಟು ಗೂಡು ತರೋಕೆ ಕಳಿಸಿದ. ಜವರ ಕೀ ತಿರುಗಿಸಿದ. ಅಲ್ಲೂ ಹಳದಿ ದೀಪ! ಎಂಜಿನ್ ಎದ್ದರೇ ಆರೋ ದೀಪ ಅದು. ಇವನು ಆರಲಿ ಅಂತ ಕೂತ. ಬಿಸಿಲು ನೆತ್ತಿಗೆ ಬಂತು, ದೀಪ ಆರಲಿಲ್ಲ.

"ಅಯ್ಯೋ ಪೆದ್ದೇ! ಪೆಟ್ರೋಲಿಗೆ ತಾಳೋದೆಲ್ಲ ಇಲ್ಲ ಕಣ್ಲಾ! ಕೀ ತಿರುಗ್ಸು, ಸ್ಟಾರ್ಟ್ ಮಾಡು, ಹೊರಡು!"

"ಹೂಂ ಮಾಮ!"

ಮಾರನೇ ದಿನ ಗೂಡಿನ ಮನೆ ಮುಂದೆ ಗಾಡಿ ನಿಂತಿತ್ತು. ಚೀಲ ಹೊತ್ತವರು ಇನ್ನೂ ಬಾಗಿಲು ದಾಟಿರಲಿಲ್ಲ. ಕೀ ತಿರುಗಿಸಿದ, ಸ್ಟಾರ್ಟ್ ಮಾಡಿದ, ಹೊರಟೇಬಿಟ್ಟ! ಖಾಲಿ ಗಾಡಿ ಮುಂದೆ, ಚೀಲ ಹೊತ್ತವರು ಹಿಂದೆ. "ನಿಲ್ಲಿಸ್ಲಾ! ನಿಲ್ಲಿಸ್ಲಾ!"

ಮಾಮ ಹಣೆ ಚಚ್ಚಿಕೊಂಡ. "ಅವಸರ ಯಾಕ್ಲಾ? ಟರ್ಬೊ ಗಾಡೀಗೆ ಸಮಾಧಾನ ಬೇಕು. ಓಡಿ ಬಂದಮೇಲೂ ತಣ್ಣಗಾಗೋವರ್ಗೂ ಆಫ್ ಮಾಡಬಾರ್ದು!"

"ಹೂಂ ಮಾಮ!"

ಮಾರ್ಕೆಟ್ಟಿಂದ ಬಂದವನು ಆಫ್ ಮಾಡಲಿಲ್ಲ. ಬಾನೆಟ್ ಮುಟ್ಟಿದ, ಬಿಸಿ. ಮತ್ತೆ ಮುಟ್ಟಿದ, ಇನ್ನೂ ಬಿಸಿ. ಓಡೋ ಎಂಜಿನ್ ಎಲ್ಲಾದ್ರೂ ತಣ್ಣಗಾಗ್ತದಾ? ಟ್ಯಾಂಕು ಬರಿದಾಗಿ ತಾನೇ ನಿಂತಿತು.

"ನನ್ನ ಗಾಡಿ ಮುಟ್ಟಬೇಡ ನೀನು!" ಅಂದ ಮಾಮ.

ಊರಲ್ಲಿ ಡೀಸೆಲ್ ವಾಸೀನಾ, ಟರ್ಬೊ ವಾಸೀನಾ ಅಂತ ದಿನಾ ಜಗಳ. ಗೂಡು ಬೆಳೆಯೋರ ಯಜಮಾನ ತಮ್ಮಯ್ಯಣ್ಣ ರೇಗಿದ. "ಸಾಕು ನಿಲ್ಸಿ! ನಾಳೆ ಅರ್ಧ ಗೂಡು ಅದರಲ್ಲಿ, ಅರ್ಧ ಇದರಲ್ಲಿ. ಕೈಕೊಡದೆ ಹರಾಜಿಗೆ ಮುಟ್ಟಿಸೋ ಗಾಡೀಗೆ ವರ್ಷದ ಗೂಡೆಲ್ಲ!"

ಚೆನ್ನಾಜಮ್ಮ ಮಗನನ್ನ ಹತ್ತಿರ ಕರೆದಳು. ಇದು ತಪ್ಪಿದರೆ ಮಗನಿಗೆ ಬೇರೆ ದಾರಿ ಇಲ್ಲ. "ಮಗಾ, ಮಾಮನ ಗಾಡಿಯಿಂದ ನಾಕು ಮಾರಿಗಿಂತ ಹಿಂದೆ ಉಳೀಬೇಡ. ದಾರೀಲಿ ಸುಮ್ನೆ ನಿಂತ್ಕೋಬೇಡ!"

"ಹೂಂ ಅವ್ವ!"

ಬೆಳಿಗ್ಗೆ ಎರಡೂ ಗಾಡೀಗೆ ಗೂಡು ತುಂಬಿದ ಮೇಲೆ ಜವರ ನಾಕು ಮಾರು ಹಗ್ಗ ಅಳೆದ. ಒಂದು ತುದಿ ಮಾಮನ ಗಾಡಿ ಬಾಲಕ್ಕೆ, ಒಂದು ತುದಿ ತನ್ನ ಗಾಡಿ ಮೂತಿಗೆ. ಮಾಮ ನೋಡಲೇ ಇಲ್ಲ.

ದಿಣ್ಣೆ ಏರೋವಾಗ ಡೀಸೆಲ್ಲು ಕೆಮ್ಮಿತು, ಕರೀ ಹೊಗೆ ಉಗುಳಿತು, ಸತ್ತಿತು. ಆದರೆ ಟರ್ಬೊ ಎಳೀತು! ಎಳೀತಾ ಎಳೀತಾ ಡೀಸೆಲ್ಲು ಗುಡುಗುಡು ಅಂತ ಮತ್ತೆ ಎದ್ದಿತು. ಎರಡು ಗಾಡಿ ಭಾರ ಎಳೆದ ಟರ್ಬೊದ ಗಾಳಿ ಪೈಪು ದಿಣ್ಣೆ ತುದೀಲಿ ಟಪ್ ಅಂತ ಕಿತ್ತುಬಂತು.

"ಕೆಟ್ಟೆ!" ಅಂದ ಮಾಮ.

"ನಿಂತ್ಕೋಬೇಡ ಅಂದವ್ಳೆ ಅವ್ವ!" ಅಂದ ಜವರ. ಹಗ್ಗದ ತುದಿ ತನ್ನ ಮೂತಿಯಿಂದ ಬಿಚ್ಚಿ ತನ್ನ ಬಾಲಕ್ಕೆ ಕಟ್ಟಿದ. ಮಾಮನ ಗಾಡಿ ಬಾಲದ ಗಂಟು ಮುಟ್ಟಲಿಲ್ಲ. ಮುಂದೆ ಹೋಗಿ ಎಳೆದ ನೋಡಿ, ಹೊಸಾ ಟರ್ಬೊ ಗಿರಕಿ ಹೊಡೆದು ಬಾಲ ಮುಂದೆ ಮಾಡ್ಕೊಂಡು ಮಾರ್ಕೆಟ್ಟಿಗೆ ಬಂತು! ಒಳಗೆ ಮಾಮ, ಬಂದ ದಾರೀನೇ ನೋಡ್ತಾ.

ಹರಾಜು ಇನ್ನೂ ಶುರುವಾಗಿರಲಿಲ್ಲ. ಚೀಲ ಬಿಚ್ಚಿದರು. ಗೂಡು ಬೆಳ್ಳಗೆ, ಗಟ್ಟಿಗೆ, ಒಂದೂ ಕೆಟ್ಟಿಲ್ಲ. ದಾರೀಲಿ ಆದದ್ದೆಲ್ಲ ಕೇಳಿ ತಮ್ಮಯ್ಯಣ್ಣ ಹೊಟ್ಟೆ ಹಿಡ್ಕೊಂಡು ನಕ್ಕ. "ಡೀಸೆಲ್ಲೂ ಕೈಕೊಡ್ತು, ಟರ್ಬೊನೂ ಕೈಕೊಡ್ತು. ಬಿಡದೇ ತಂದವನು ಇವನೊಬ್ಬ! ಎರಡು ಗಾಡೀಗೂ ಗೂಡು ಕೊಡ್ತೀವಿ. ಜವರ ಮಾತ್ರ ಜೊತೇಲಿರಬೇಕು!"

ಫೋನಲ್ಲಿ ಕೇಳಿ ಚೆನ್ನಾಜಮ್ಮ ಅತ್ತೇಬಿಟ್ಟಳು. ಎಷ್ಟು ದಿನದ ಭಾರ ಅದು! "ನನ್ನಪ್ಪಾ! ಹೆಂಗೆ ಹೋದ್ಯೋ ಹಂಗೇ ಮನೆಗೆ ಬಂದ್ಬಿಡು!"

"ಹೂಂ ಅವ್ವ!"

ಸಂಜೆ ಅವಳು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಂದೆ ಡೀಸೆಲ್ಲು, ಹಿಂದೆ ಟರ್ಬೊ. ಪೈಪು ಸರಿಹೋಗಿ ಎಂಜಿನ್ ಜುಮ್ ಅಂತ ಓಡ್ತಿದೆ. ಗಾಡಿ ಮಾತ್ರ ಬಾಲ ಮುಂದು, ಮೂತಿ ಹಿಂದು!

"ಬಿಚ್ಲಾ ಹಗ್ಗಾನ! ರಿಪೇರಿ ಆಗೈತೆ ಕಣ್ಲಾ!" ಅಂತ ಮಾಮ ಬಾಯಿ ಬಡ್ಕೊಳ್ತಿದ್ದ.

"ಹೋದಂಗೇ ಬಾ ಅಂದವ್ಳೆ ಅವ್ವ!"

ಚೆನ್ನಾಜಮ್ಮ ಬಯ್ಯೋಕೆ ಬಾಯಿ ತೆರೆದಳು. ತೆರೆದವಳು ಹಂಗೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಏನಾದ್ರೂ ಅಂದರೆ ನಾಳೆ ಅದನ್ನೂ ಮಾಡ್ತಾನಲ್ಲ!