ಗುಂಡಪ್ಪ ಬಾರದೆ ಮಗು ಮಲಗದು

ಕೂತ್ಕೊಂಡ್ರಾ? ಕಾಲು ಮಡಚಿ ಕೂತ್ಕೊಳ್ಳಿ. ಇದು ಕಾರಿನ ಕತೆ.

ಒಂದು ಬಿಳಿ ಕಾರು. ಗುರ್ ಗುರ್ ಅಂತ ಹೋಗ್ತಿತ್ತು. ಜಾಲಿ ಗೇಟು ಅನ್ನೋ ಊರಿನ ಹತ್ರ ಬಂತು. ಟಪ್ ಅಂತು. ಬುಸ್ ಅಂತ ಹಬೆ ಬಿಡ್ತು. ಆಮೇಲೆ ಸುಮ್ಮನಾಯ್ತು. ಕಾರಿನ ಗುರ್ ಗುರ್ ಸದ್ದೇ ಕಳೆದುಹೋಯ್ತು.

ಕಾರಲ್ಲಿ ಇದ್ದದ್ದು ನಿಂಗಜ್ಜಿ. ಕಾರು ಓಡಿಸ್ತಿದ್ದದ್ದು ಅವಳ ತಮ್ಮ ಬೋರಯ್ಯ. ಅಜ್ಜಿ ಮಗಳ ಊರಿಗೆ ಹೊರಟಿದ್ದಳು. ಮಗಳಿಗೆ ಮಗು ಹುಟ್ಟಿದೆ. ಇವತ್ತು ತೊಟ್ಟಿಲಿಗೆ ಹಾಕೋ ದಿನ. ಹೊತ್ತು ಮುಳುಗೋದ್ರೊಳಗೆ ಹಾಕಬೇಕು. ಹಾಗಂತ ಸುಮ್ಮನೆ ಹಾಕೋ ಹಾಗಿಲ್ಲ. ಮೊದಲು ಗುಂಡಪ್ಪ ಮಲಗಬೇಕು.

ಗುಂಡಪ್ಪ ಅಂದ್ರೆ ಯಾರು? ಗುಂಡುಕಲ್ಲು. ಒರಳಲ್ಲಿ ಹಿಟ್ಟು ರುಬ್ತಾರಲ್ಲ, ಆ ಗುಂಡುಕಲ್ಲು. ಅದಕ್ಕೆ ಕುಲಾವಿ ಹಾಕ್ತಾರೆ. ಕಾಡಿಗೆ ಹಚ್ತಾರೆ. ತೊಟ್ಟಿಲಲ್ಲಿ ಮಲಗಿಸ್ತಾರೆ. ಆಮೇಲೆ ಮಗು. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಮಗಳ ಊರಲ್ಲಿ ಕಲ್ಲಿಲ್ವಾ ಅಂತೀರಾ? ಬೇಕಾದಷ್ಟಿದೆ. ಆದ್ರೆ ಮಗಳು ಹುಟ್ಟಿದಾಗ ಮಲಗಿದ್ದು ಈ ಗುಂಡಪ್ಪನ ಹಿಂದೆ. ಅವಳ ಮಗುವೂ ಈ ಗುಂಡಪ್ಪನ ಹಿಂದೆಯೇ ಮಲಗಬೇಕು. ಅದು ಆ ಮನೆ ಪದ್ಧತಿ.

ಗುಂಡಪ್ಪ ಅಜ್ಜಿ ಮಡಿಲಲ್ಲಿದ್ದ. ಮೇಲೆ ಸೆರಗು ಮುಚ್ಚಿತ್ತು. ಯಾರಿಗೂ ತೋರಿಸೋಲ್ಲ. ನರರ ಕಣ್ಣಿಗೆ ಕಲ್ಲೂ ಸೀಳುತ್ತೆ ಅಂತಾರೆ. ಇದಂತೂ ಕಲ್ಲೇ. ಸೀಳಿದ್ರೆ ಏನು ಗತಿ? ಅಜ್ಜಿಗೆ ಎಲ್ಲದರಲ್ಲೂ ಅನುಮಾನ.

ಬೋರಯ್ಯ ಬಾನೆಟ್ ಎತ್ತಿದ. "ಅಕ್ಕ, ನೀರಿನ ಪೈಪು ಸೀಳಿದೆ. ನೀರೆಲ್ಲ ಸೋರಿದೆ. ಇಂಜಿನ್ ಕೆಂಡ ಆಗಿದೆ. ಮೆಕ್ಯಾನಿಕ್ ಬೇಕು."

"ಹೋಗಿ ಕರ್ಕೊಂಡ್ ಬಾ."

"ನಾನು ಹೋಗೋಲ್ಲ. ಗುರುತಿಲ್ಲದ ಊರು. ಯಾರಾದ್ರೂ ಟೈರು ಬಿಚ್ಕೊಂಡು ಹೋದ್ರೆ?"

ಅಕ್ಕನಿಗೆ ತಕ್ಕ ತಮ್ಮ. ಅಜ್ಜಿಯೇ ಇಳಿದಳು. ಗುಂಡಪ್ಪನನ್ನೂ ಹೊತ್ತುಕೊಂಡಳು. ಬೋರಯ್ಯ ಕೂತಲ್ಲೇ ಗೊರಕೆ ಹೊಡೆಯೋ ಮನುಷ್ಯ. ಅವನ ಕೈಲಿ ಬಿಡೋದು ಹೇಗೆ?

ಅಜ್ಜಿ ನಡೆದಳು. ಮನಸ್ಸಲ್ಲೇ ಅಂದಳು:
ಕಾರು ಬಾರದೆ ಗುಂಡಪ್ಪ ಬಾರ.
ಗುಂಡಪ್ಪ ಬಾರದೆ ಮಗು ಮಲಗದು.

ಮೆಕ್ಯಾನಿಕ್ ಪಾಪಣ್ಣ ಸಿಕ್ಕಿದ. ಅವನ ಕಣ್ಣು ಚಿಕ್ಕವು. ಚಿಕ್ಕ ಕಣ್ಣು ಚುಚ್ಚುತ್ತೆ, ಅಂದ್ಕೊಂಡಳು ಅಜ್ಜಿ. ಸೆರಗು ಎಳ್ಕೊಂಡಳು.

"ಪಾಪಣ್ಣ, ಪಾಪಣ್ಣ, ನಮ್ಮ ಕಾರು ನೋಡು ಬಾರಪ್ಪ."

"ಯಾವೂರಜ್ಜಿ? ಮಡಿಲಲ್ಲೇನು?"

"ಊರು ಬೇಕಾದ್ರೆ ಹೇಳ್ತೀನಿ. ಮಡಿಲಲ್ಲೇನು ಅಂತ ಹೇಳೋಲ್ಲ."

ಪಾಪಣ್ಣ ಮೇಲಿಂದ ಕೆಳಗೆ ನೋಡಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಅಂದ್ಕೊಂಡ. "ಹಾಗಾದ್ರೆ ನಾನೂ ಬರೋಲ್ಲ. ಒಡೆದ ಪೈಪಿಗೆ ಸುತ್ತೋಕೆ ಹಳೇ ಟ್ಯೂಬು ಬೇಕು. ಸೈಕಲ್ ಶಾಪಿನ ಬಾಷಾ ನಿನ್ನ ನಂಬಿ ಟ್ಯೂಬು ಕೊಡಲಿ. ಆಗ ನಾನೂ ನಂಬ್ತೀನಿ."

ಅಜ್ಜಿ ನಡೆದಳು. ಬಾಯಲ್ಲಿ ಅಂದಳು:
ಟ್ಯೂಬು ಬಾರದೆ ಪಾಪಣ್ಣ ಬಾರ.
ಪಾಪಣ್ಣ ಬಾರದೆ ಕಾರು ಬಾರದು.
ಅಲ್ಲಿಗೆ ಬಾಯಿ ಮುಚ್ಚಿದಳು. ಮನಸ್ಸಲ್ಲೇ ಅಂದಳು:
ಕಾರು ಬಾರದೆ ಗುಂಡಪ್ಪ ಬಾರ.
ಗುಂಡಪ್ಪ ಬಾರದೆ ಮಗು ಮಲಗದು.

ಸೈಕಲ್ ಶಾಪಿನ ಬಾಷಾ ಸಿಕ್ಕಿದ. ಅವನ ಕಣ್ಣು ದೊಡ್ಡವು. ದೊಡ್ಡ ಕಣ್ಣು ನುಂಗುತ್ತೆ, ಅಂದ್ಕೊಂಡಳು ಅಜ್ಜಿ. ಸೆರಗು ಇನ್ನೂ ಎಳ್ಕೊಂಡಳು.

"ಬಾಷಾ, ಬಾಷಾ, ಒಂದು ತುಂಡು ಟ್ಯೂಬು ಕೊಡಪ್ಪ."

"ಯಾವೂರಮ್ಮಾ? ಮಡಿಲಲ್ಲೇನು?"

"ಊರು ಬೇಕಾದ್ರೆ ಹೇಳ್ತೀನಿ. ಮಡಿಲಲ್ಲೇನು ಅಂತ ಹೇಳೋಲ್ಲ."

"ಹಾಗಾದ್ರೆ ನಾನೂ ಕೊಡೋಲ್ಲ. ಟ್ಯೂಬು ಕುಯ್ಯೋಕೆ ಚಾಕು ಇತ್ತು. ನಿನ್ನೆಯಿಂದ ಕಾಣ್ತಿಲ್ಲ." ಹಾಗಂತ ಅಜ್ಜಿ ಮಡಿಲನ್ನೇ ನೋಡಿದ. "ಎಳನೀರು ಜವರಯ್ಯನ ಹತ್ರ ಮಚ್ಚಿದೆ. ಅವನು ನಿನ್ನ ನಂಬಿ ಮಚ್ಚು ಕೊಡಲಿ. ಆಗ ನಾನೂ ನಂಬ್ತೀನಿ."

ಅಜ್ಜಿ ನಡೆದಳು. ಕೈ ನೋಯ್ತಿತ್ತು. ಕಲ್ಲು ಅಂದ್ರೆ ಹತ್ತಿಯೇ? ಬಾಯಲ್ಲಿ ಅಂದಳು:
ಮಚ್ಚು ಬಾರದೆ ಟ್ಯೂಬು ಬಾರದು.
ಟ್ಯೂಬು ಬಾರದೆ ಪಾಪಣ್ಣ ಬಾರ.
ಪಾಪಣ್ಣ ಬಾರದೆ ಕಾರು ಬಾರದು.
ಅಲ್ಲಿಗೆ ಬಾಯಿ ಮುಚ್ಚಿದಳು. ಮನಸ್ಸಲ್ಲೇ ಅಂದಳು:
ಕಾರು ಬಾರದೆ ಗುಂಡಪ್ಪ ಬಾರ.
ಗುಂಡಪ್ಪ ಬಾರದೆ ಮಗು ಮಲಗದು.

ಎಳನೀರು ಜವರಯ್ಯ ಸಿಕ್ಕಿದ. ಅವನ ಕಣ್ಣು ಕೆಂಪು. ಕೆಂಪು ಕಣ್ಣು ಸುಡುತ್ತೆ, ಅಂದ್ಕೊಂಡಳು ಅಜ್ಜಿ. ಸೆರಗು ಎರಡು ಸುತ್ತು ಸುತ್ತಿಕೊಂಡಳು.

"ಜವರಯ್ಯ, ಜವರಯ್ಯ, ಒಂದು ಗಳಿಗೆ ಮಚ್ಚು ಕೊಡಪ್ಪ."

"ಯಾವೂರವ್ವ? ಮಡಿಲಲ್ಲೇನು?"

"ಊರು ಬೇಕಾದ್ರೆ ಹೇಳ್ತೀನಿ. ಮಡಿಲಲ್ಲೇನು ಅಂತ ಹೇಳೋಲ್ಲ."

"ಹಾಗಾದ್ರೆ ನಾನೂ ಕೊಡೋಲ್ಲ. ಮಚ್ಚು ಮೊಂಡಾಗಿದೆ. ಮಸೆಯೋಕೆ ನೀರು ಬೇಕು."

"ಇಷ್ಟೊಂದು ಎಳನೀರು ಇದೆಯಲ್ಲಪ್ಪ."

"ಎಳನೀರಲ್ಲಿ ಯಾರಾದ್ರೂ ಮಚ್ಚು ಮಸೀತಾರಾ? ನಲ್ಲಿ ಹತ್ರ ದುಂಡವ್ವ ಇದ್ದಾಳೆ. ಅವಳ ಬಿಂದಿಗೆ ತುಂಬ ನೀರಿದೆ. ಅವಳು ನಿನ್ನ ನಂಬಿ ನೀರು ಕೊಡಲಿ. ಆಗ ನಾನೂ ನಂಬ್ತೀನಿ."

ಅಜ್ಜಿ ನಡೆದಳು. ಹೊತ್ತು ವಾಲಿತ್ತು. ಅಳು ಬಂದಂಗಾಯ್ತು. ಬಾಯಲ್ಲಿ ಅಂದಳು:
ನೀರು ಬಾರದೆ ಮಚ್ಚು ಬಾರದು.
ಮಚ್ಚು ಬಾರದೆ ಟ್ಯೂಬು ಬಾರದು.
ಟ್ಯೂಬು ಬಾರದೆ ಪಾಪಣ್ಣ ಬಾರ.
ಪಾಪಣ್ಣ ಬಾರದೆ ಕಾರು ಬಾರದು.
ಅಲ್ಲಿಗೆ ಬಾಯಿ ಮುಚ್ಚಿದಳು. ಮನಸ್ಸಲ್ಲೇ ಅಂದಳು:
ಕಾರು ಬಾರದೆ ಗುಂಡಪ್ಪ ಬಾರ.
ಗುಂಡಪ್ಪ ಬಾರದೆ ಮಗು ಮಲಗದು.

ನಲ್ಲಿ ಹತ್ರ ದುಂಡವ್ವ ಕೂತಿದ್ದಳು. ಬಿಂದಿಗೆ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ನಲ್ಲಿಯಲ್ಲಿ ನೀರು ಬರೋದು ಬೆಳಗ್ಗೆ ಮಾತ್ರ. ಯಾರು ಹೊತ್ತುಕೊಂಡು ಹೋಗ್ತಾರೋ ಅಂತ ಅವಳಿಗೂ ಅನುಮಾನ. ಅವಳಿಗೆ ಕನ್ನಡಕ ಬೇರೆ. ಅಯ್ಯೋ, ಎರಡಲ್ಲ, ನಾಲ್ಕು ಕಣ್ಣು, ಅಂದ್ಕೊಂಡಳು ಅಜ್ಜಿ.

"ದುಂಡವ್ವ, ದುಂಡವ್ವ, ಒಂದು ಚೊಂಬು ನೀರು ಕೊಡವ್ವ."

"ಯಾವೂರಕ್ಕ? ಮಡಿಲಲ್ಲೇನು?"

"ಊರು ಬೇಕಾದ್ರೆ ಹೇಳ್ತೀನಿ. ಮಡಿಲಲ್ಲೇನು ಅಂತ..."

ಅಜ್ಜಿ ಆಕಾಶ ನೋಡಿದಳು. ಹೊತ್ತು ಇಳೀತಾ ಇದೆ. ಅಲ್ಲಿ ಮಗು ಬರೀ ಚಾಪೆ ಮೇಲೆ ಮಲಗಿದೆ. ಬಾಗಿಲಲ್ಲಿ ಮಗಳು ನಿಂತಿದ್ದಾಳೆ.

"ಹೇಳ್ತೀನಿ ಕಣವ್ವ," ಅಂದಳು. ಬಾಯಿಬಿಟ್ಟು ಅಂದಳು, ಪೂರ್ತಿ ಅಂದಳು:
ನೀರು ಬಾರದೆ ಮಚ್ಚು ಬಾರದು.
ಮಚ್ಚು ಬಾರದೆ ಟ್ಯೂಬು ಬಾರದು.
ಟ್ಯೂಬು ಬಾರದೆ ಪಾಪಣ್ಣ ಬಾರ.
ಪಾಪಣ್ಣ ಬಾರದೆ ಕಾರು ಬಾರದು.
ಕಾರು ಬಾರದೆ ಗುಂಡಪ್ಪ ಬಾರ.
ಗುಂಡಪ್ಪ ಬಾರದೆ ಮಗು ಮಲಗದು.

ಸೆರಗು ಸರಿಸಿದಳು. ಗುಂಡಪ್ಪ ಕುಲಾವಿ ಹಾಕ್ಕೊಂಡು ಕೂತಿದ್ದ.

ದುಂಡವ್ವ ಕನ್ನಡಕ ತೆಗೆದಳು. ಒರೆಸಿದಳು. ಮತ್ತೆ ಹಾಕ್ಕೊಂಡಳು. "ಇದನ್ನೇನಕ್ಕ ಮುಚ್ಚಿಟ್ಕೊಂಡು ತಿರುಗೋದು? ನಾನು ಯಾರದೋ ಬೆಳ್ಳಿ ಬಿಂದಿಗೆ ಕದ್ದಿದ್ದೀಯ ಅಂದ್ಕೊಂಡೆ. ನಮ್ಮನೇಲೂ ಮೊದಲು ಮಲಗಿದ್ದು ಗುಂಡಪ್ಪನೇ."

ಹಾಗಂತ ಎರಡೂ ಕೈ ಚಾಚಿದಳು. ಗುಂಡಪ್ಪನ ಕೆನ್ನೆ ಸವರಿದಳು. ಬೆರಳು ತನ್ನ ತಲೆಗೆ ಒತ್ತಿ ನೆಟಿಗೆ ಮುರಿದಳು. ಪಟಪಟಪಟ. "ನನ್ನ ಕಣ್ಣೇ ಬೀಳದಿರಲಿ, ನನ್ನಪ್ಪ."

ಅಜ್ಜಿಗೆ ನಾಚಿಕೆಯಾಯ್ತು. ಕಣ್ಣು ಹಾಕ್ತಾಳೆ ಅಂದ್ಕೊಂಡಿದ್ದಳು. ಅವಳೇ ದೃಷ್ಟಿ ತೆಗೆದಳು.

ದುಂಡವ್ವ ಬಿಂದಿಗೆ ಸೊಂಟಕ್ಕೆ ಏರಿಸಿದಳು. ಇಬ್ಬರೂ ಜವರಯ್ಯನ ಹತ್ರ ಹೋದರು. ಈಗ ಅವನು ಕೇಳೋಕೆ ಮೊದಲೇ ಅಜ್ಜಿ ಸೆರಗು ಸರಿಸಿದಳು. ಜವರಯ್ಯ ನೋಡಿದ, ನಕ್ಕ. ಮಚ್ಚು ಮಸೆದ. ಮೂವರೂ ಬಾಷಾ ಹತ್ರ ಹೋದರು. ಬಾಷಾ ನೋಡಿದ, ನಕ್ಕ. ಟ್ಯೂಬು ಕುಯ್ದ. ನಾಲ್ವರೂ ಪಾಪಣ್ಣನ ಹತ್ರ ಹೋದರು. ಪಾಪಣ್ಣ ನೋಡಿದ, ನಕ್ಕ. ಸ್ಪ್ಯಾನರ್ ಎತ್ಕೊಂಡ. ಎಲ್ಲರೂ ಕಾರಿನ ಹತ್ರ ಹೊರಟರು.

ಬೋರಯ್ಯ ದೂರದಿಂದ ನೋಡಿದ. ಜನ ಬರ್ತಿದ್ದಾರೆ. ಮುಂದೆ ಮಚ್ಚು! ಗಾಜು ಏರಿಸಿದ. ಒಳಗಿಂದ ಲಾಕ್ ಹಾಕ್ಕೊಂಡ. ಸೀಟಿನ ಕೆಳಗೆ ತಲೆ ಇಟ್ಟ.

"ತೆಗಿಯೋ ಪುಕ್ಕಲ," ಅಂದಳು ಅಜ್ಜಿ. "ನಾನು ಕಣೋ, ನಿಮ್ಮಕ್ಕ."

"ಅಕ್ಕನೇ ಅಂತ ಏನು ಗ್ಯಾರಂಟಿ?" ಅಂದ ಬೋರಯ್ಯ. ಆಮೇಲೆ ಇಣುಕಿ ನೋಡಿ ಬಾಗಿಲು ತೆಗೆದ.

ಪಾಪಣ್ಣ ಪೈಪಿಗೆ ಟ್ಯೂಬು ಸುತ್ತಿದ. ಬಿಗಿಯಾಗಿ ಕಟ್ಟಿದ. ಇಂಜಿನ್ ಅಷ್ಟರಲ್ಲಿ ತಣ್ಣಗಾಗಿತ್ತು. ದುಂಡವ್ವ ನೀರು ಹುಯ್ದಳು. ಬೋರಯ್ಯ ಕೀ ತಿರುಗಿಸಿದ.

ಗುರ್.
ಗುರ್ ಗುರ್.
ಗುರ್ ಗುರ್ ಗುರ್.
ಕಳೆದುಹೋದ ಸದ್ದು ಸಿಕ್ತು.

"ನನ್ನ ಕಟ್ಟಿನ ಮೇಲೆ ನನಗೇ ಅನುಮಾನ," ಅಂದ ಪಾಪಣ್ಣ. "ನಾನೂ ಬರ್ತೀನಿ." ಟ್ಯೂಬು ಸಾಲದೇ ಹೋದ್ರೆ ಅಂತ ಬಾಷಾ ಹತ್ತಿದ. ಇನ್ನೊಂದು ತುಂಡು ಕುಯ್ಯಬೇಕಾದ್ರೆ ಅಂತ ಜವರಯ್ಯ ಹತ್ತಿದ. ನೀರು ಮತ್ತೆ ಸೋರಿದ್ರೆ ಅಂತ ಬಿಂದಿಗೆ ಸಮೇತ ದುಂಡವ್ವ ಹತ್ತಿದಳು. ಕಾರು ಹೊರಟಿತು. ಮಗಳ ಮನೆ ಮುಂದೆ ನಿಂತಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ನೀರು ಬಂತು, ಮಚ್ಚು ಬಂತು.
ಮಚ್ಚು ಬಂತು, ಟ್ಯೂಬು ಬಂತು.
ಟ್ಯೂಬು ಬಂತು, ಪಾಪಣ್ಣ ಬಂದ.
ಪಾಪಣ್ಣ ಬಂದ, ಕಾರು ಬಂತು.
ಕಾರು ಬಂತು, ಗುಂಡಪ್ಪ ಬಂದ.
ಗುಂಡಪ್ಪ ಬಂದ, ಮಗು ಮಲಗಿತು.

ಮಗಳು ತೊಟ್ಟಿಲು ತೂಗಿದಳು. ಬಾಗಿಲಲ್ಲಿ ನಿಂತವರನ್ನು ನೋಡಿದಳು. ಒಬ್ಬನ ಕೈಲಿ ಸ್ಪ್ಯಾನರ್. ಒಬ್ಬನ ಕೈಲಿ ಟ್ಯೂಬು. ಒಬ್ಬನ ಕೈಲಿ ಮಚ್ಚು. ಒಬ್ಬಳ ಸೊಂಟದಲ್ಲಿ ಬಿಂದಿಗೆ. ಅಜ್ಜಿಯ ಮಗಳಲ್ವಾ, ಅವಳಿಗೂ ಅನುಮಾನ ಬಂತು.

"ಅವ್ವಾ," ಅಂತ ಮೆಲ್ಲಗೆ ಕೇಳಿದಳು, "ಇವರೆಲ್ಲ ಯಾರು? ಯಾವೂರು?"

"ಊರು ಯಾಕೆ ಕೇಳ್ತೀಯ?" ಅಂದಳು ನಿಂಗಜ್ಜಿ. "ನಮ್ಮವರು. ಎಲೆ ಹಾಕು."

ಅವರು ಉಂಡರು, ಮಗು ನಿದ್ದೆ ಹೋಯ್ತು, ಕತೆಗೂ ಕಣ್ಣು ಎಳೀತಿದೆ. ಇನ್ನು ನಿಮ್ಮ ಸರದಿ.