ತುಕ್ಕಿಗೆ ನಾಚಿದ ಕತ್ತಿ

ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಜಪಾನಿನ ಸೇನಾಧಿಕಾರಿಯೊಬ್ಬನ ಕತ್ತಿ ಇತ್ತು. ಬೆಲೆ ಕಟ್ಟಲು ಭೂತಗನ್ನಡಿ ಬರುತ್ತದೆಂದು ಕೇಳಿದ್ದೇ ತಡ, ಅದಕ್ಕೆ ತನ್ನ ಮೈ ನೋಡಿ ನಾಚಿಕೆಯಾಯಿತು. ಅಲಗೇನೋ ಹೊಳೆಯುತ್ತಿತ್ತು, ಆದರೆ ಹಿಡಿಯೊಳಗೆ ಅಡಗಿದ್ದ ಬುಡಕ್ಕೆ ಕಪ್ಪು ತುಕ್ಕು ಹಿಡಿದಿತ್ತು.

"ಉಪ್ಪುಕಾಗದಣ್ಣಾ, ಈ ಕೊಳೆ ತೆಗೆದುಬಿಡು," ಎಂದಿತು ಕತ್ತಿ, ಹಿಡಿ ಕಳಚಿಟ್ಟು.

"ಇಲ್ಲೇನೋ ಕೊರೆದ ಹಾಗಿದೆಯಲ್ಲ?" ಎಂದಿತು ಉಪ್ಪುಕಾಗದ.

"ಅದೂ ಕೊಳೆಯೇ. ಉಜ್ಜು."

ಉಪ್ಪುಕಾಗದ ಉಜ್ಜಿತು. ಬುಡ ಕನ್ನಡಿಯಂತಾಯಿತು. ಕತ್ತಿ ಮತ್ತೆ ಹಿಡಿ ತೊಟ್ಟುಕೊಂಡಿತು.

ಭೂತಗನ್ನಡಿ ಬಂತು. ಅಲಗಿನ ಕಡೆ ತಿರುಗಿಯೂ ನೋಡದೆ, "ಮೊದಲು ಹಿಡಿ ಕಳಚಿ," ಎಂದಿತು. ಕತ್ತಿ ಬೀಗುತ್ತಾ ಕಳಚಿತು.

"ಇಲ್ಲಿದ್ದ ತುಕ್ಕೆಲ್ಲಿ?"

"ತೆಗೆಸಿದೆ ಸ್ವಾಮಿ, ತಾವು ಬರುತ್ತೀರೆಂದು."

"ನಿಮ್ಮ ವಯಸ್ಸನ್ನು ನಾನು ತಿಳಿಯುವುದೇ ಆ ತುಕ್ಕಿನಿಂದ. ನಿಮ್ಮನ್ನು ಬಡಿದ ಕಮ್ಮಾರ ತನ್ನ ಹೆಸರು ಕೊರೆದಿದ್ದುದೂ ಅಲ್ಲೇ. ಈಗ ನೀವು ಮುನ್ನೂರು ವರ್ಷದವರೋ, ಯುದ್ಧಕಾಲದ ಕಾರ್ಖಾನೆಯಲ್ಲಿ ಹುಟ್ಟಿದವರೋ, ಹೇಗೆ ಹೇಳಲಿ? ಹೋಗಲಿ, ಆ ಕಮ್ಮಾರನ ಹೆಸರನ್ನಾದರೂ ಹೇಳಿ."

ಕತ್ತಿ ತನ್ನ ಬುಡದ ಕಡೆ ಬಾಗಿ ನೋಡಿತು. ಅಲ್ಲಿ ಕಂಡದ್ದು ತನ್ನದೇ ಮುಖ. ಇಷ್ಟು ವರ್ಷ ಮೈಮೇಲೆ ಹೊತ್ತಿದ್ದ ಆ ಹೆಸರನ್ನು ಅದು ಒಂದು ಸಲವೂ ಓದಿರಲಿಲ್ಲ.